ಫೆಬ್ರುವರಿಯ ಅಂಕಪಟ್ಟಿ

ರಗ್ಬಿ ಲೀಗಿನ ಹೊಸ ಋತು ಶುರುವಾಗುವ ಮುನ್ನವೇ ಯಾವ ತಂಡ ಎಷ್ಟನೇ ಸ್ಥಾನಕ್ಕೆ ಬರುತ್ತದೆ ಎಂದು ಪಟ್ಟಿ ಬರೆದಿಡುವುದು ಸಿಡ್ನಿ, ಬ್ರಿಸ್ಬೇನ್ ಕಡೆಯ ಜನರ ಬಹುಕಾಲದ ರೂಢಿ. ಆಟ ಆರಂಭವಾಗುವುದು ಮಾರ್ಚ್ ಹೊತ್ತಿಗೆ. ಪಟ್ಟಿ ಮಾತ್ರ ಫೆಬ್ರುವರಿಯಲ್ಲೇ ಸಿದ್ಧ. ಪತ್ರಿಕೆಗಳು ವಿಶೇಷ ಪುಟಗಳನ್ನು ತರುತ್ತವೆ. ಮಾಜಿ ಆಟಗಾರರು ಟಿ.ವಿ.ಯಲ್ಲಿ ಕುಳಿತು ಪ್ರತಿ ತಂಡದ ಬಲಾಬಲ ತೂಗುತ್ತಾರೆ. ಕಚೇರಿ, ಕಾರ್ಖಾನೆ, ಶಾಲೆಯ ಸ್ಟಾಫ್ ರೂಮುಗಳಲ್ಲಿ ಟಿಪ್ಪಿಂಗ್ ಸ್ಪರ್ಧೆಗೆ ಹೆಸರು ಬರೆಸಿಕೊಳ್ಳುವ ಕೆಲಸ ನಡೆಯುತ್ತದೆ. ಪ್ರತಿ ವಾರದ ಪಂದ್ಯಗಳಲ್ಲಿ ಗೆಲ್ಲುವವರು ಯಾರು ಎಂದು ಮೊದಲೇ ಹೇಳುವುದೇ ಈ ಟಿಪ್ಪಿಂಗ್. 1970ರಿಂದ 2017ರವರೆಗೆ ನಡೆದ 'ರಗ್ಬಿ ಲೀಗ್ ವೀಕ್' ಎಂಬ ವಾರಪತ್ರಿಕೆಯ ಓದುಗರಲ್ಲಿ ಹಲವರಿಗೆ ಆಟಗಾರರ ಅಂಕಿಅಂಶ ಬಾಯಿಪಾಠವಾಗಿತ್ತು. ಹೀಗೆ ಆಟವನ್ನು ಇಷ್ಟು ಹತ್ತಿರದಿಂದ ಬಲ್ಲವರು ಸೇರಿ ಬರೆದ ಪಟ್ಟಿ ಸೆಪ್ಟೆಂಬರ್ ಹೊತ್ತಿಗೆ ಗುರುತು ಸಿಗದಷ್ಟು ಬದಲಾಗಿರುತ್ತದೆ. ಅದು ಏಕೆ ಬದಲಾಗುತ್ತದೆ, ಅದರಲ್ಲಿ ಯಾವ ಭಾಗ ಬದಲಾಗುವುದಿಲ್ಲ ಎಂಬುದನ್ನು ಹುಡುಕಿದರೆ ಈ ಆಟದ ಒಳಗಿನ ಲೆಕ್ಕ ಕಾಣುತ್ತದೆ.

ರಗ್ಬಿ ಲೀಗ್ ಎಂದರೆ ಹದಿಮೂರು ಜನರ ರಗ್ಬಿ. ಕೂಲಿ ಬಿಟ್ಟು ಆಡಲು ಬರುವ ಕಾರ್ಮಿಕರಿಗೆ ಆ ದಿನದ ನಷ್ಟ ತುಂಬಿಕೊಡಬೇಕೋ ಬೇಡವೋ ಎಂಬ ಜಗಳದಲ್ಲಿ ಉತ್ತರ ಇಂಗ್ಲೆಂಡಿನ ಕ್ಲಬ್ಬುಗಳು 1895ರ ಆಗಸ್ಟ್ 29ರಂದು ಹಡರ್ಸ್‌ಫೀಲ್ಡಿನ ಜಾರ್ಜ್ ಹೋಟೆಲಿನಲ್ಲಿ ಸಭೆ ಸೇರಿ ಹಳೆಯ ಸಂಘದಿಂದ ಹೊರಬಂದವು. ಆಮೇಲೆ ಅವರ ಆಟದ ನಿಯಮಗಳೂ ಬೇರೆಯಾದವು. ಸಿಡ್ನಿಯಲ್ಲಿ ಮೊದಲ ಟೂರ್ನಿ ನಡೆದದ್ದು 1908ರಲ್ಲಿ. ಈಗಿನ ನಿಯಮದಂತೆ ಚೆಂಡು ಹಿಡಿದ ತಂಡಕ್ಕೆ ಆರು ಸರದಿ. ಕಬಡ್ಡಿಯಲ್ಲಿ ರೈಡರ್‌ನನ್ನು ಕೆಡವಿದಂತೆ ಎದುರಾಳಿಗಳು ಚೆಂಡು ಹಿಡಿದವನನ್ನು ಕೆಡವುತ್ತಾರೆ. ಅವನು ಎದ್ದು ಚೆಂಡನ್ನು ಕಾಲಿನಿಂದ ಹಿಂದಕ್ಕೆ ಉರುಳಿಸಿ ಆಟ ಮುಂದುವರಿಸುತ್ತಾನೆ. ಆರನೆಯ ಸಲ ಕೆಡವಿದರೆ ಚೆಂಡು ಎದುರಾಳಿಯ ಪಾಲು. ಗೆರೆ ದಾಟಿ ಚೆಂಡನ್ನು ನೆಲಕ್ಕೆ ಒತ್ತಿದರೆ ಟ್ರೈ, 4 ಅಂಕ. ಅದರ ಬೆನ್ನಿಗೆ ಕಂಬಗಳ ನಡುವೆ ಒದ್ದರೆ ಇನ್ನೆರಡು.

ಆಸ್ಟ್ರೇಲಿಯಾದ ಮುಖ್ಯ ಟೂರ್ನಿಯಾದ ಎನ್‌ಆರ್‌ಎಲ್ 1998ರಲ್ಲಿ ರೂಪ ಪಡೆಯಿತು. 2023ರಿಂದ ಅದರಲ್ಲಿ 17 ತಂಡಗಳಿವೆ. 27 ವಾರಗಳಲ್ಲಿ ಪ್ರತಿ ತಂಡ 24 ಪಂದ್ಯ ಆಡುತ್ತದೆ, ಮೂರು ವಾರ ವಿಶ್ರಾಂತಿ. ಗೆದ್ದರೆ 2 ಅಂಕ, ವಿಶ್ರಾಂತಿಯ ವಾರಕ್ಕೂ 2 ಅಂಕ. ಮೊದಲ ಎಂಟು ತಂಡಗಳು ಫೈನಲ್ಸ್ ಹಂತಕ್ಕೆ ಹೋಗುತ್ತವೆ. ಅವುಗಳಲ್ಲಿ ಮೊದಲ ನಾಲ್ಕಕ್ಕೆ ಒಂದು ಪಂದ್ಯ ಸೋತರೂ ಇನ್ನೊಂದು ಅವಕಾಶ ಉಂಟು. ಕೊನೆಯ ಸ್ಥಾನದ ಅವಮಾನಕ್ಕೆ 'ವುಡನ್ ಸ್ಪೂನ್' ಎಂಬ ಹೆಸರು. ಆದ್ದರಿಂದ ಭವಿಷ್ಯ ಬರೆಯುವವರ ಮುಂದೆ ಇರುವುದು ನಾಲ್ಕು ಪ್ರಶ್ನೆ: ಎಂಟರಲ್ಲಿ ಯಾರು, ನಾಲ್ಕರಲ್ಲಿ ಯಾರು, ತಳದಲ್ಲಿ ಯಾರು, ಕಪ್ ಯಾರಿಗೆ.

ಮೊದಲ ಪ್ರಶ್ನೆಗೆ ಉತ್ತರಿಸುವಾಗ ಬಹುಪಾಲು ಜನ ಹಿಂದಿನ ವರ್ಷದ ಅಂಕಪಟ್ಟಿಯನ್ನು ಎದುರಿಗಿಟ್ಟುಕೊಂಡು ಒಂದೆರಡು ಹೆಸರು ಆಚೀಚೆ ಮಾಡುತ್ತಾರೆ. ಇತ್ತೀಚಿನ ವರ್ಷಗಳ ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಇದು ಎಷ್ಟು ಸಾಲದು ಎಂದು ತಿಳಿಯುತ್ತದೆ. 2021ರ ಎಂಟರಲ್ಲಿದ್ದ ಮ್ಯಾನ್ಲಿ, ನ್ಯೂಕ್ಯಾಸಲ್, ಗೋಲ್ಡ್ ಕೋಸ್ಟ್ ತಂಡಗಳು 2022ರಲ್ಲಿ ಹೊರಬಿದ್ದು ಕ್ರೊನುಲ್ಲಾ, ನಾರ್ತ್ ಕ್ವೀನ್ಸ್‌ಲ್ಯಾಂಡ್, ಕ್ಯಾನ್‌ಬೆರಾ ಒಳಬಂದವು. 2023ರಲ್ಲಿ ನಾರ್ತ್ ಕ್ವೀನ್ಸ್‌ಲ್ಯಾಂಡ್, ಪ್ಯಾರಮಟ್ಟ, ಸೌತ್ ಸಿಡ್ನಿ ಹೊರಗೆ. ಬ್ರಿಸ್ಬೇನ್, ನ್ಯೂಜಿಲೆಂಡ್ ವಾರಿಯರ್ಸ್, ನ್ಯೂಕ್ಯಾಸಲ್ ಒಳಗೆ. 2024ರಲ್ಲಿ ಬ್ರಿಸ್ಬೇನ್, ವಾರಿಯರ್ಸ್, ಕ್ಯಾನ್‌ಬೆರಾ ಹೊರಗೆ. ನಾರ್ತ್ ಕ್ವೀನ್ಸ್‌ಲ್ಯಾಂಡ್, ಕ್ಯಾಂಟರ್‌ಬರಿ, ಮ್ಯಾನ್ಲಿ ಒಳಗೆ. 2025ರಲ್ಲಿ ಹಿಂದಿನ ವರ್ಷ ಹೊರಬಿದ್ದಿದ್ದ ಬ್ರಿಸ್ಬೇನ್, ವಾರಿಯರ್ಸ್, ಕ್ಯಾನ್‌ಬೆರಾ ಮೂರೂ ಮರಳಿದವು. ನಾರ್ತ್ ಕ್ವೀನ್ಸ್‌ಲ್ಯಾಂಡ್, ಮ್ಯಾನ್ಲಿ, ನ್ಯೂಕ್ಯಾಸಲ್ ಜಾಗ ಬಿಟ್ಟವು. ನಾಲ್ಕು ವರ್ಷ, ನಾಲ್ಕು ಸಲವೂ ಸರಿಯಾಗಿ ಮೂರು ತಂಡಗಳ ಬದಲಾವಣೆ. ಐದು ಉಳಿಯುತ್ತವೆ, ಮೂರು ಹೋಗುತ್ತವೆ ಎಂದು ಕಣ್ಣು ಮುಚ್ಚಿ ಬರೆದಿದ್ದರೂ ತಪ್ಪಾಗುತ್ತಿರಲಿಲ್ಲ. ಯಾವ ಮೂರು ಎಂಬಲ್ಲಿ ಕಷ್ಟವಿದೆ.

ಹೊರಬೀಳುವುದು ಏಳನೆಯ, ಎಂಟನೆಯ ಸ್ಥಾನದವರೇ ಆಗಿದ್ದರೆ ಕೆಲಸ ಸುಲಭವಾಗುತ್ತಿತ್ತು. ಆದರೆ 2022ರಲ್ಲಿ ನಾರ್ತ್ ಕ್ವೀನ್ಸ್‌ಲ್ಯಾಂಡ್ ಮೂರನೆಯ ಸ್ಥಾನದಲ್ಲಿತ್ತು, ಪ್ಯಾರಮಟ್ಟ ನಾಲ್ಕರಲ್ಲಿದ್ದು ಫೈನಲನ್ನೂ ಆಡಿತ್ತು. ಮರುವರ್ಷ ಎರಡೂ ಮನೆಗೆ. 2023ರಲ್ಲಿ ಎರಡನೆಯ ಸ್ಥಾನದಲ್ಲಿದ್ದ ಬ್ರಿಸ್ಬೇನ್ 2024ರಲ್ಲಿ ಹನ್ನೆರಡಕ್ಕೆ ಕುಸಿಯಿತು. ಏರುವವರೂ ಹಾಗೆಯೇ ಬಹು ಕೆಳಗಿನಿಂದ ಬರುತ್ತಾರೆ. ನಾರ್ತ್ ಕ್ವೀನ್ಸ್‌ಲ್ಯಾಂಡ್ ಆ ಮೂರನೆಯ ಸ್ಥಾನಕ್ಕೆ ಬಂದದ್ದು ಹದಿನೈದನೆಯದರಿಂದ. ಆಗ ಟೂರ್ನಿಯಲ್ಲಿದ್ದದ್ದೇ ಹದಿನಾರು ತಂಡ. ಮೇಲಿನ ತಂಡಕ್ಕೂ ಕೆಳಗಿನ ತಂಡಕ್ಕೂ ಇರುವ ಅಂತರ ಪಟ್ಟಿಯಲ್ಲಿ ಕಾಣುವಷ್ಟು ದೊಡ್ಡದಲ್ಲ ಎಂಬುದೇ ಇದರ ಅರ್ಥ.

ಅಂತರ ಚಿಕ್ಕದಾಗಿರುವುದು ಆಕಸ್ಮಿಕವೂ ಅಲ್ಲ. ಒಂದು ಕ್ಲಬ್ ತನ್ನ ಆಟಗಾರರ ಸಂಬಳಕ್ಕೆ ಇಷ್ಟೇ ಖರ್ಚು ಮಾಡಬೇಕು ಎಂಬ ಮಿತಿ 1990ರಿಂದ ಇದೆ. ಗೆದ್ದ ತಂಡದ ಎರಡನೆಯ ಸಾಲಿನ ಹುಡುಗರೂ ಮರುವರ್ಷ ಹೆಚ್ಚು ಬೆಲೆಯವರಾಗುತ್ತಾರೆ. ಎಲ್ಲರನ್ನೂ ಉಳಿಸಿಕೊಳ್ಳಲು ಮಿತಿ ಬಿಡುವುದಿಲ್ಲ. ಸೋತ ಕ್ಲಬ್ ಅವರನ್ನು ಕರೆದುಕೊಳ್ಳುತ್ತದೆ. ಕರಾರಿನ ಕೊನೆಯ ವರ್ಷಕ್ಕೆ ಕಾಲಿಡುವ ಆಟಗಾರ ಅದಕ್ಕೂ ಮುಂಚಿನ ನವೆಂಬರ್ 1ರಿಂದಲೇ ಬೇರೆ ಕ್ಲಬ್‌ಗಳ ಜೊತೆ ಮಾತುಕತೆ ನಡೆಸಬಹುದು. ಹೀಗಾಗಿ ಒಬ್ಬ ಆಟಗಾರ ಒಂದು ಇಡೀ ಋತು ಒಂದು ತಂಡದ ಜೆರ್ಸಿ ತೊಟ್ಟು, ಮುಂದಿನ ವರ್ಷ ಇನ್ನೊಂದಕ್ಕೆ ಹೋಗುವುದು ಊರಿಗೆಲ್ಲ ಗೊತ್ತಿದ್ದೇ ಆಡುತ್ತಾನೆ. ಪ್ಯಾರಮಟ್ಟದ ಡಿಲನ್ ಬ್ರೌನ್ 2026ರಿಂದ ನ್ಯೂಕ್ಯಾಸಲ್‌ಗೆ ಹತ್ತು ವರ್ಷ, ಸುಮಾರು 1.3 ಕೋಟಿ ಡಾಲರ್‌ಗೆ ಒಪ್ಪಿಕೊಂಡದ್ದು 2025ರ ಮಾರ್ಚಿನಲ್ಲೇ ಹೊರಬಿತ್ತು. ಆ ವರ್ಷ ನ್ಯೂಕ್ಯಾಸಲ್ ಕೊನೆಯ ಸ್ಥಾನಕ್ಕೆ ಬಿತ್ತು.

ಹದಿಮೂರರಲ್ಲಿ ಎಲ್ಲರ ತೂಕವೂ ಒಂದೇ ಅಲ್ಲ. ಫುಲ್‌ಬ್ಯಾಕ್, ಫೈವ್-ಏಟ್, ಹಾಫ್‌ಬ್ಯಾಕ್, ಹುಕರ್ ಎಂಬ ನಾಲ್ವರನ್ನು ತಂಡದ 'ಸ್ಪೈನ್', ಅಂದರೆ ಬೆನ್ನೆಲುಬು ಎನ್ನುತ್ತಾರೆ. ಪ್ರತಿ ಸರದಿಯಲ್ಲೂ ಚೆಂಡು ಎತ್ತ ಹೋಗಬೇಕೆಂದು ತೀರ್ಮಾನಿಸುವವರು ಇವರೇ. ಬೇರೆ ಜಾಗದಲ್ಲಿ ಇಬ್ಬರು ಹೊಸಬರು ಬಂದರೂ ತಂಡ ನಡೆಯುತ್ತದೆ. ಇಲ್ಲಿ ಒಬ್ಬ ಬದಲಾದರೆ ಇಡೀ ಆಟದ ನಡೆ ಬದಲಾಗುತ್ತದೆ. ಮ್ಯಾನ್ಲಿಯ ಕಥೆ ಇದಕ್ಕೆ ನೇರ ಸಾಕ್ಷಿ. 2021ರಲ್ಲಿ ಅದರ ಫುಲ್‌ಬ್ಯಾಕ್ ಟಾಮ್ ಟ್ರಬೊಯೆವಿಚ್ ಋತುವಿನ ಆರಂಭದ ಪಂದ್ಯಗಳನ್ನು ಗಾಯದಿಂದ ಕಳೆದುಕೊಂಡರೂ, ಮರಳಿ ಬಂದು ಆಡಿದ ಆಟಕ್ಕೆ ವರ್ಷದ ಶ್ರೇಷ್ಠ ಆಟಗಾರನ ಡ್ಯಾಲಿ ಎಂ ಪದಕ ಸಿಕ್ಕಿತು. ತಂಡ ನಾಲ್ಕನೆಯ ಸ್ಥಾನಕ್ಕೆ ಬಂತು. ಮರುವರ್ಷ ಅದೇ ಆಟಗಾರ ಭುಜದ ಗಾಯದಿಂದ ಹೊರಗುಳಿದ; ತಂಡ ಹನ್ನೊಂದಕ್ಕೆ ಇಳಿಯಿತು. ಮ್ಯಾನ್ಲಿಯನ್ನು ನಾಲ್ಕರೊಳಗೆ ಬರೆಯುವವರು ನಿಜವಾಗಿ ಬರೆಯುತ್ತಿದ್ದದ್ದು ಒಬ್ಬ ಮನುಷ್ಯನ ಭುಜ, ತೊಡೆಗಳ ಭವಿಷ್ಯವನ್ನು. ಇದಕ್ಕೆ ಪ್ರತಿಯಾಗಿ ಕ್ರೊನುಲ್ಲಾ 2022ರಲ್ಲಿ ಮೆಲ್ಬರ್ನಿನಿಂದ ನಿಕೊ ಹೈನ್ಸ್‌ನನ್ನು ತಂದು ಹಾಫ್‌ಬ್ಯಾಕ್ ಜಾಗದಲ್ಲಿ ನಿಲ್ಲಿಸಿತು. ಒಂಬತ್ತನೆಯ ಸ್ಥಾನದ ತಂಡ ಎರಡಕ್ಕೆ ಏರಿತು, ಪದಕ ಹೈನ್ಸ್‌ಗೆ ಬಂತು. ಫೆಬ್ರುವರಿಯಲ್ಲಿ ಒಂದೇ ಒಂದು ವಿವರ ಕೇಳುವ ಅವಕಾಶವಿದ್ದರೆ ಈ ನಾಲ್ವರು ಕಳೆದ ವರ್ಷ ಜೊತೆಯಾಗಿ ಎಷ್ಟು ಪಂದ್ಯ ಆಡಿದರು ಎಂದು ಕೇಳುವುದೇ ಸರಿ.

ಪಟ್ಟಿಯಲ್ಲೇ ಇದ್ದೂ ಹಲವರ ಕಣ್ಣಿಗೆ ಬೀಳದ ಇನ್ನೊಂದು ಅಂಕಿ ಇದೆ: ಗಳಿಸಿದ ಅಂಕಗಳಿಗೂ ಬಿಟ್ಟುಕೊಟ್ಟ ಅಂಕಗಳಿಗೂ ಇರುವ ವ್ಯತ್ಯಾಸ. ಎರಡು ಅಂಕದಿಂದ ಗೆದ್ದರೂ ನಲವತ್ತರಿಂದ ಗೆದ್ದರೂ ಪಟ್ಟಿಯಲ್ಲಿ ಸಿಗುವುದು ಅದೇ 2. ಆದರೆ ಚಿಕ್ಕ ಅಂತರದ ಗೆಲುವಿನಲ್ಲಿ ಅದೃಷ್ಟದ ಪಾಲು ಜಾಸ್ತಿ: ಕೊನೆಯ ನಿಮಿಷದ ಒಂದು ಜಾರಿದ ಚೆಂಡು, ಕಂಬಕ್ಕೆ ಬಡಿದು ಒಳಹೋದ ಒಂದು ಒದೆತ. ಅದು ವರ್ಷವರ್ಷವೂ ಒಂದೇ ತಂಡದ ಕಡೆ ವಾಲುವುದಿಲ್ಲ. ಸೇಂಟ್ ಜಾರ್ಜ್ ಇಲ್ಲವಾರಾ 2022ರಲ್ಲಿ 12 ಗೆದ್ದು 12 ಸೋತು ಹತ್ತನೆಯ ಸ್ಥಾನದಲ್ಲಿತ್ತು. ಇನ್ನೊಂದು ಹೆಜ್ಜೆ ಇಟ್ಟರೆ ಎಂಟರೊಳಗೆ ಎಂದು ಅಭಿಮಾನಿಗಳು ಆಸೆಪಟ್ಟರೆ ಅದರಲ್ಲಿ ತಪ್ಪೇನಿಲ್ಲ. ಆದರೆ ಅರ್ಧದಷ್ಟು ಪಂದ್ಯ ಗೆದ್ದ ಆ ತಂಡ ಒಟ್ಟು ಲೆಕ್ಕದಲ್ಲಿ ಗಳಿಸಿದ್ದಕ್ಕಿಂತ ಬಿಟ್ಟುಕೊಟ್ಟದ್ದೇ ಹೆಚ್ಚು. ಸೋತಾಗ ದೊಡ್ಡದಾಗಿ ಸೋತಿತ್ತು, ಗೆದ್ದಾಗ ಕಷ್ಟಪಟ್ಟು ಗೆದ್ದಿತ್ತು. 2023ರಲ್ಲಿ ಅದು ಐದೇ ಪಂದ್ಯ ಗೆದ್ದು ಹದಿನಾರಕ್ಕೆ ಇಳಿಯಿತು.

ಅಂಕಿಗಳು ಹೇಳದ ಸಂಗತಿಗಳೂ ಉಂಟು. 2022ರಲ್ಲಿ ನ್ಯೂಜಿಲೆಂಡ್ ವಾರಿಯರ್ಸ್ 24ರಲ್ಲಿ 6 ಮಾತ್ರ ಗೆದ್ದು ಹದಿನೈದನೆಯದಾಗಿತ್ತು. ಕೋವಿಡ್ ಕಾಲದಲ್ಲಿ ಗಡಿಗಳು ಮುಚ್ಚಿದ್ದರಿಂದ ಆ ತಂಡ 2020ರಿಂದ ಆಸ್ಟ್ರೇಲಿಯಾದಲ್ಲೇ ಬಿಡಾರ ಹೂಡಿ, ಪ್ರತಿ ಪಂದ್ಯವನ್ನೂ ಪರರ ಊರಿನಲ್ಲಿ ಆಡಿತ್ತು. ಆಕ್ಲೆಂಡಿನ ಮೌಂಟ್ ಸ್ಮಾರ್ಟ್ ಮೈದಾನಕ್ಕೆ ಅದು ಮರಳಿದ್ದು 2022ರ ಜುಲೈನಲ್ಲಿ. ಹೆಂಡತಿ ಮಕ್ಕಳಿಂದ ತಿಂಗಳುಗಟ್ಟಲೆ ದೂರವಿದ್ದು ಆಡಿದ ಆಟಗಾರರ ಅಂಕಪಟ್ಟಿಯನ್ನು ಬೇರೆ ತಂಡಗಳದ್ದರ ಜೊತೆ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. 2023ರಲ್ಲಿ ಇಡೀ ಋತು ತವರಿನಲ್ಲಿ ನೆಲೆ, ಹೊಸ ಕೋಚ್ ಆಂಡ್ರ್ಯೂ ವೆಬ್‌ಸ್ಟರ್, ಮೂವತ್ತು ದಾಟಿದ ಹಾಫ್‌ಬ್ಯಾಕ್ ಶಾನ್ ಜಾನ್ಸನ್‌ನ ಜೀವಮಾನದ ಆಟ. ತಂಡ 16 ಗೆದ್ದು ನಾಲ್ಕನೆಯ ಸ್ಥಾನಕ್ಕೆ ಏರಿತು. ಡ್ಯಾಲಿ ಎಂ ಪದಕ ಜಾನ್ಸನ್‌ಗೆ ಒಂದೇ ಮತದಿಂದ ತಪ್ಪಿತು. ಹಿಂದಿನ ವರ್ಷದ ಸೋಲುಗಳಿಗೆ ಕಾರಣ ಏನಿತ್ತು, ಆ ಕಾರಣ ಈಗಲೂ ಇದೆಯೇ ಎಂದು ಕೇಳಿದ್ದರೆ ಈ ಏರಿಕೆಯ ಸುಳಿವು ಸ್ವಲ್ಪವಾದರೂ ಸಿಗುತ್ತಿತ್ತು.

ಕೋಚ್ ಬದಲಾದಾಗ ಏನಾಗುತ್ತದೆ ಎಂದು ಮೊದಲೇ ಹೇಳುವುದು ಕಷ್ಟ. ಬದಲಾಗದಿದ್ದಾಗ ಏನಾಗುತ್ತದೆ ಎಂಬುದಕ್ಕೆ ಮೆಲ್ಬರ್ನ್ ಸ್ಟಾರ್ಮ್ ಇದೆ. ಕ್ರೇಗ್ ಬೆಲ್ಲಮಿ 2003ರಲ್ಲಿ ಆ ತಂಡದ ಹೊಣೆ ಹೊತ್ತರು. 2025ರವರೆಗೆ 2010 ಒಂದನ್ನು ಬಿಟ್ಟು ಪ್ರತಿ ವರ್ಷವೂ ತಂಡ ಫೈನಲ್ಸ್ ಹಂತ ಮುಟ್ಟಿದೆ. ಕ್ಯಾಮರಾನ್ ಸ್ಮಿತ್, ಬಿಲ್ಲಿ ಸ್ಲೇಟರ್, ಕೂಪರ್ ಕ್ರಾಂಕ್‌ನಂಥ ಆಟಗಾರರು ಬಂದುಹೋದರು, ಫಲಿತಾಂಶ ಹಾಗೇ ಉಳಿಯಿತು. ಭವಿಷ್ಯ ಬರೆಯುವವರು ಅನುಮಾನವಿಲ್ಲದೆ ಎಂಟರೊಳಗೆ ಸೇರಿಸಬಹುದಾದ ತಂಡ ಇದೊಂದೇ ಇರಬಹುದು.

ಪೆನ್ರಿತ್ ಕೂಡ ಹಾಗೆಯೇ ಎಂದು 2025ರ ಆರಂಭದಲ್ಲಿ ಅನಿಸಿತ್ತು. 2021ರಿಂದ 2024ರವರೆಗೆ ಸತತ ನಾಲ್ಕು ಸಲ ಕಪ್ ಗೆದ್ದ ತಂಡ ಅದು. ಸೇಂಟ್ ಜಾರ್ಜ್ 1956ರಿಂದ 1966ರವರೆಗೆ ಸತತ ಹನ್ನೊಂದು ಗೆದ್ದದ್ದನ್ನು ಬಿಟ್ಟರೆ ಅದಾದ ಮೇಲೆ ಅಷ್ಟು ದೂರ ಯಾರೂ ಹೋಗಿರಲಿಲ್ಲ. ಸಂಬಳದ ಮಿತಿಯ ಕಾಲದಲ್ಲಿ ಇದನ್ನು ಸಾಧ್ಯವಾಗಿಸಿದ್ದು ಸಿಡ್ನಿಯ ಪಶ್ಚಿಮದಂಚಿನ ಆ ಊರಿನ ಕಿರಿಯರ ಲೀಗ್. ಹೋದವರ ಜಾಗಕ್ಕೆ ಅಲ್ಲಿಂದ ಹುಡುಗರು ಬರುತ್ತಲೇ ಇದ್ದರು. 2024ರ ಕೊನೆಯಲ್ಲಿ ಜರೋಮ್ ಲುವಾಯಿ, ಜೇಮ್ಸ್ ಫಿಶರ್-ಹ್ಯಾರಿಸ್ ಇಬ್ಬರೂ ತಂಡ ಬಿಟ್ಟರು. ಲಾಸ್ ವೇಗಾಸ್‌ನಲ್ಲಿ ನಡೆದ ಆರಂಭದ ಪಂದ್ಯ ಗೆದ್ದು, ಮುಂದಿನ ಐದನ್ನೂ ಸೋತ ಪೆನ್ರಿತ್ ಮೇ ತಿಂಗಳ ಹೊತ್ತಿಗೆ ಪಟ್ಟಿಯ ತಳ ಮುಟ್ಟಿತು. ಭವಿಷ್ಯ ಬರೆದವರು ತಪ್ಪಿದರು ಎನ್ನುವಷ್ಟರಲ್ಲಿ ಸಾಲುಸಾಲಾಗಿ ಗೆದ್ದು ಏಳನೆಯ ಸ್ಥಾನಕ್ಕೆ ಬಂತು. ಫೈನಲ್‌ಗೆ ಎರಡು ಅಂಕದಷ್ಟೇ ದೂರ ಉಳಿಯಿತು. ಒಂದೇ ತಂಡದ ಬಗ್ಗೆ ಮಾರ್ಚ್, ಮೇ, ಸೆಪ್ಟೆಂಬರ್ ತಿಂಗಳುಗಳಲ್ಲಿ ಮೂರು ಬೇರೆ ತೀರ್ಪು ಬರೆಯಬಹುದಿತ್ತು, ಮೂರಕ್ಕೂ ಆಧಾರವಿತ್ತು.

ಋತುವಿನ ನಡುವೆ ಬರುವ ಸ್ಟೇಟ್ ಆಫ್ ಒರಿಜಿನ್ ಲೆಕ್ಕಕ್ಕೆ ಇನ್ನೊಂದು ತೊಡಕು. 1980ರಲ್ಲಿ ಈ ರೂಪ ಪಡೆದ ಕ್ವೀನ್ಸ್‌ಲ್ಯಾಂಡ್ ಮತ್ತು ನ್ಯೂ ಸೌತ್ ವೇಲ್ಸ್ ರಾಜ್ಯಗಳ ಸೆಣಸಾಟದಲ್ಲಿ ಆಟಗಾರ ಯಾವ ಕ್ಲಬ್‌ನವನಾದರೂ ತಾನು ಬೆಳೆದ ರಾಜ್ಯದ ಪರ ಆಡುತ್ತಾನೆ. ಮೂರು ಪಂದ್ಯ, ಮೂರೂ ಮೈಮುರಿಯುವಂಥವು. ಬಲಿಷ್ಠ ಕ್ಲಬ್ಬುಗಳೇ ಹೆಚ್ಚು ಜನರನ್ನು ಕಳುಹಿಸಬೇಕಾಗುತ್ತದೆ. ಇಂಥ ವಾರಗಳಲ್ಲಿ ಹೆಸರಿಲ್ಲದ ತಂಡ ದೊಡ್ಡ ತಂಡವನ್ನು ಮಣಿಸುವುದುಂಟು. ತಲೆಗೆ ಪೆಟ್ಟಾದ ಆಟಗಾರನನ್ನು ಕನಿಷ್ಠ 11 ದಿನ ಹೊರಗಿಡಬೇಕೆಂಬ ನಿಯಮ 2023ರಲ್ಲಿ ಬಂದ ಮೇಲೆ ಮೀಸಲು ಆಟಗಾರರ ಮಹತ್ವ ಇನ್ನಷ್ಟು ಹೆಚ್ಚಿತು. ಆಟಗಾರರ ಮಿದುಳಿನ ದೃಷ್ಟಿಯಿಂದ ಅದು ಬಹಳ ಮೊದಲೇ ಬರಬೇಕಿದ್ದ ನಿಯಮ. ತಂಡದ ಹದಿನೆಂಟನೆಯವನಿಂದ ಇಪ್ಪತ್ತೈದನೆಯವನವರೆಗಿನ ಹೆಸರುಗಳನ್ನು ಓದಿಕೊಂಡವರ ಭವಿಷ್ಯ, ತಾರೆಯರ ಹೆಸರು ಮಾತ್ರ ಬಲ್ಲವರದ್ದಕ್ಕಿಂತ ಚೆನ್ನಾಗಿ ನಿಲ್ಲುತ್ತದೆ. ಫೆಬ್ರುವರಿಯ ಅಭ್ಯಾಸ ಪಂದ್ಯಗಳನ್ನು ನಂಬುವಂತಿಲ್ಲ. ದೊಡ್ಡವರಲ್ಲಿ ಅನೇಕರು ಅವುಗಳಲ್ಲಿ ಅರ್ಧ ಹೊತ್ತೂ ಆಡುವುದಿಲ್ಲ.

ವೇಳಾಪಟ್ಟಿಯೂ ಸಮನಲ್ಲ. ಎದುರಾಳಿಗಳು ಹದಿನಾರು, ಪಂದ್ಯಗಳು ಇಪ್ಪತ್ತನಾಲ್ಕು. ಎಂದರೆ ಎಂಟು ತಂಡಗಳನ್ನು ಎರಡು ಸಲ, ಉಳಿದ ಎಂಟನ್ನು ಒಂದೇ ಸಲ ಎದುರಿಸಬೇಕು. ಆ ಎರಡು ಸಲದವರ ಸಾಲಿನಲ್ಲಿ ಮೆಲ್ಬರ್ನ್, ಪೆನ್ರಿತ್ ಇದ್ದರೆ ಒಂದು ಕಥೆ, ಇಲ್ಲದಿದ್ದರೆ ಬೇರೆಯೇ ಕಥೆ. ಎಂಟನೆಯ ಮತ್ತು ಒಂಬತ್ತನೆಯ ಸ್ಥಾನದ ನಡುವೆ ಎಷ್ಟೋ ಸಲ ಒಂದು ಗೆಲುವಿನ ವ್ಯತ್ಯಾಸವೂ ಇರುವುದಿಲ್ಲವಾದ್ದರಿಂದ ಇದು ಸಣ್ಣ ಮಾತಲ್ಲ.

ನಿಯಮಗಳೇ ಬದಲಾದಾಗ ಹಳೆಯ ಅಂಕಿಗಳೆಲ್ಲ ಸ್ವಲ್ಪ ಮಸುಕಾಗುತ್ತವೆ. 2020ರಲ್ಲಿ ಕೋವಿಡ್ ವಿರಾಮದ ನಂತರ ಟೂರ್ನಿ ಮತ್ತೆ ಶುರುವಾದಾಗ, ಕೆಡವಿದವನನ್ನು ಬೇಗ ಬಿಡದ ತಪ್ಪಿಗೆ ಪೆನಾಲ್ಟಿಯ ಬದಲು ಆರು ಸರದಿಗಳನ್ನು ಮೊದಲಿನಿಂದ ಎಣಿಸುವ ನಿಯಮ ತಂದರು. ಪೆನಾಲ್ಟಿ ಕೊಟ್ಟಾಗ ಸಿಗುತ್ತಿದ್ದ ಉಸಿರಾಡುವ ಬಿಡುವು ಇಲ್ಲವಾಯಿತು, ಆಟ ವೇಗವಾಯಿತು. 2021ರಲ್ಲಿ ಆ ನಿಯಮ ಇನ್ನಷ್ಟು ವಿಸ್ತಾರವಾದಾಗ ದಮ್ಮಿದ್ದ ತಂಡಗಳು ಇಲ್ಲದ ತಂಡಗಳನ್ನು ಗುಡಿಸಿಹಾಕಿದವು. ಮೆಲ್ಬರ್ನ್ ಸತತ 19 ಪಂದ್ಯ ಗೆದ್ದು 1975ರ ಈಸ್ಟರ್ನ್ ಸಬರ್ಬ್ಸ್ ದಾಖಲೆಯನ್ನು ಸರಿಗಟ್ಟಿದ್ದು ಆ ವರ್ಷವೇ.

ಮೈದಾನದ ಹೊರಗೆ ನಡೆಯುವುದನ್ನು ಯಾವ ಲೆಕ್ಕವೂ ಹಿಡಿಯಲಾರದು. 2002ರಲ್ಲಿ ಕ್ಯಾಂಟರ್‌ಬರಿ ಅಗ್ರಸ್ಥಾನದಲ್ಲಿದ್ದಾಗ ಸಂಬಳದ ಮಿತಿ ಮೀರಿದ್ದು ಬಯಲಾಗಿ 37 ಅಂಕ ಕಳೆದುಕೊಂಡು ಕೊನೆಯ ಸ್ಥಾನಕ್ಕೆ ಬಿತ್ತು. 2010ರಲ್ಲಿ ಮೆಲ್ಬರ್ನ್ ಅದೇ ತಪ್ಪಿಗೆ 2007 ಮತ್ತು 2009ರ ಕಪ್‌ಗಳನ್ನು ಕಳೆದುಕೊಂಡು, ಉಳಿದ ಇಡೀ ಋತುವನ್ನು ಅಂಕವೇ ಇಲ್ಲದೆ ಆಡಿತು. ಬೆಲ್ಲಮಿಯ ತಂಡ ಫೈನಲ್ಸ್ ಹಂತ ಮುಟ್ಟದ ಆ ಒಂದು ವರ್ಷ ಅದೇ.

ಕಪ್ ಯಾರಿಗೆ ಎಂಬ ಪ್ರಶ್ನೆಗೆ ಬಂದರೆ ಒಂದು ಗಟ್ಟಿ ನೆಲ ಸಿಗುತ್ತದೆ. 1998ರಿಂದ 2025ರವರೆಗೆ ಎನ್‌ಆರ್‌ಎಲ್ ಗೆದ್ದ ಪ್ರತಿ ತಂಡವೂ ಮೊದಲ ನಾಲ್ಕು ಸ್ಥಾನಗಳಲ್ಲೇ ಇತ್ತು. ಪ್ಯಾರಮಟ್ಟ 2009ರಲ್ಲಿ ಎಂಟನೆಯ ಸ್ಥಾನದಿಂದ, ಕ್ಯಾಂಟರ್‌ಬರಿ 2014ರಲ್ಲಿ ಏಳರಿಂದ ಫೈನಲ್‌ವರೆಗೆ ಬಂದು ಸೋತವು. ಇನ್ನೊಂದು ಅವಕಾಶದ ಬೆಲೆ ಅಷ್ಟು. ಆದರೆ ಆ ನಾಲ್ಕರೊಳಗೆ ಯಾರು ಎಂಬುದನ್ನು ತೀರ್ಮಾನಿಸುವ ಎಳೆ ಕೂದಲಿನಷ್ಟು ತೆಳು.

2023ರ ಫೈನಲನ್ನೇ ನೋಡಬಹುದು. ಬ್ರಿಸ್ಬೇನಿನ ಎಜ್ರಾ ಮ್ಯಾಮ್ ವಿರಾಮದ ನಂತರ ಕೆಲವೇ ನಿಮಿಷಗಳಲ್ಲಿ ಮೂರು ಟ್ರೈ ಗಳಿಸಿದಾಗ ಅಂಕ 24-8. ಇನ್ನುಳಿದದ್ದು ಇಪ್ಪತ್ತು ಚಿಲ್ಲರೆ ನಿಮಿಷ. ಪೆನ್ರಿತ್‌ನ ಹಾಫ್‌ಬ್ಯಾಕ್ ನೇಥನ್ ಕ್ಲಿಯರಿ ಮೊದಲು ಮೋಸೆಸ್ ಲಿಯೋಟಾನ ಟ್ರೈಗೆ ದಾರಿ ಮಾಡಿಕೊಟ್ಟ. ಆಮೇಲೆ ತನ್ನ 40 ಮೀಟರ್ ಗೆರೆಯ ಹಿಂದಿನಿಂದ ಒದ್ದ ಚೆಂಡು ಎದುರಾಳಿಯ 20 ಮೀಟರ್ ಗೆರೆಯ ಆಚೆ ನೆಲಕ್ಕೆ ಬಡಿದು ಪಕ್ಕಕ್ಕೆ ಹೊರಳಿ ಹೊರಹೋಯಿತು. ಅಂಥ ಒದೆತಕ್ಕೆ ಚೆಂಡು ಒದ್ದವರಿಗೇ ಮರಳಿ ಸಿಗುತ್ತದೆ. ಅಲ್ಲಿಂದ ಸ್ಟೀಫನ್ ಕ್ರೈಟನ್‌ನ ಟ್ರೈ. ಮುಗಿಯಲು ನಾಲ್ಕು ನಿಮಿಷವಿರುವಾಗ ಕ್ಲಿಯರಿ ತಾನೇ ರಕ್ಷಣಾ ಸಾಲನ್ನು ಸೀಳಿ ನುಗ್ಗಿ ಚೆಂಡು ಒತ್ತಿದ. 26-24. ಆ ವರ್ಷ ಬ್ರಿಸ್ಬೇನ್ ಎಂದು ಬರೆದವರ ಅಂದಾಜಿನಲ್ಲಿ ಯಾವ ಕೊರತೆಯೂ ಇರಲಿಲ್ಲ. ಒಬ್ಬನ ಇಪ್ಪತ್ತು ನಿಮಿಷದ ಆಟ ಅಡ್ಡ ಬಂತು.

ಎರಡು ವರ್ಷದ ನಂತರ ಅದೇ ಬ್ರಿಸ್ಬೇನಿಗೆ ಎಳೆ ಈ ಕಡೆ ವಾಲಿತು. 2024ರಲ್ಲಿ ಹನ್ನೆರಡನೆಯದಾಗಿದ್ದ ತಂಡವನ್ನು ಮೈಕಲ್ ಮಗ್ವಾಯರ್ ಕೈಗೆತ್ತಿಕೊಂಡರು. 2014ರಲ್ಲಿ ಸೌತ್ ಸಿಡ್ನಿಗೆ 43 ವರ್ಷಗಳ ನಂತರ ಕಪ್ ತಂದುಕೊಟ್ಟ ಕೋಚ್ ಅವರು. ತಂಡ ನಾಲ್ಕನೆಯ ಸ್ಥಾನಕ್ಕೆ ಬಂತು. ಮೊದಲ ಫೈನಲ್ಸ್ ಪಂದ್ಯದಲ್ಲಿ ಅಗ್ರಸ್ಥಾನದ ಕ್ಯಾನ್‌ಬೆರಾ ಎದುರು ದೊಡ್ಡ ಹಿನ್ನಡೆಯಿಂದ ಎದ್ದು, ಹೆಚ್ಚುವರಿ ಸಮಯದಲ್ಲಿ 29-28. ಮುಂದಿನದು ಪೆನ್ರಿತ್ ಎದುರು, ವಿರಾಮಕ್ಕೆ 14-0 ಹಿಂದಿದ್ದು 16-14. ಫೈನಲ್‌ನಲ್ಲಿ ಮೆಲ್ಬರ್ನ್ ಎದುರು ವಿರಾಮಕ್ಕೆ 22-12 ಹಿಂದಿದ್ದು 26-22. ಮೂರು ಪಂದ್ಯ ಸೇರಿ ಒಟ್ಟು ಅಂತರ ಏಳು ಅಂಕ. ಕ್ಯಾನ್‌ಬೆರಾ, 1990ರ ನಂತರ ಮೊದಲ ಬಾರಿಗೆ ಅಗ್ರಸ್ಥಾನ ಪಡೆದೂ, ಒಂದು ಅಂಕದಿಂದ ಸೋತು, ಮುಂದಿನ ವಾರ ಕ್ರೊನುಲ್ಲಾಗೂ ಸೋತು ಹೊರಬಿತ್ತು. ಆ ಊರಿನ ಜನರ ದುಃಖಕ್ಕೆ ಯಾವ ಅಂಕಿಅಂಶವೂ ಸಮಾಧಾನ ಹೇಳಲಾರದು.

ಭವಿಷ್ಯ ಬರೆಯುವ ಕೈಯನ್ನು ಆಸೆಯೂ ಎಳೆಯುತ್ತದೆ. ಪ್ಯಾರಮಟ್ಟ ಈಲ್ಸ್ ಕೊನೆಯ ಬಾರಿ ಕಪ್ ಗೆದ್ದದ್ದು 1986ರಲ್ಲಿ. ವೆಸ್ಟ್‌ಮೀಡ್, ವೆಂಟ್‌ವರ್ತ್‌ವಿಲ್, ಹ್ಯಾರಿಸ್ ಪಾರ್ಕ್‌ನಂಥ ಪ್ಯಾರಮಟ್ಟದ ಸುತ್ತಲಿನ ಬಡಾವಣೆಗಳಲ್ಲಿ ನೆಲೆಸಿದ ಭಾರತೀಯರು ಬಹಳ. ಅವರಲ್ಲಿ ಕನ್ನಡ ಮನೆಗಳೂ ಇವೆ. ಅಲ್ಲಿ ಹುಟ್ಟಿದ ಮಕ್ಕಳಿಗೆ ನೀಲಿ-ಹಳದಿ ಜೆರ್ಸಿಯ ಈ ತಂಡವೇ ಊರ ತಂಡ. 1967ರಲ್ಲಿ ಟೂರ್ನಿಗೆ ಬಂದ ಕ್ರೊನುಲ್ಲಾ ಮೊದಲ ಕಪ್‌ಗೆ 2016ರವರೆಗೆ ಕಾಯಬೇಕಾಯಿತು. ಅದು ಗೆಲ್ಲುವುದನ್ನು ಕಾಯುವುದೆಂದರೆ ಹೆರಾಲ್ಡ್ ಹೋಲ್ಟ್ ಬರುತ್ತಾರೆಂದು ಜಗುಲಿಯ ದೀಪ ಉರಿಸಿಟ್ಟಂತೆ ಎಂದು ಹಿರಿಯ ಕೋಚ್ ಜ್ಯಾಕ್ ಗಿಬ್ಸನ್ ಹೇಳಿದ ಮಾತು ಮನೆಮಾತಾಗಿತ್ತು. ಹೋಲ್ಟ್ ಆಸ್ಟ್ರೇಲಿಯಾದ ಪ್ರಧಾನಿ. ಕ್ರೊನುಲ್ಲಾ ಟೂರ್ನಿಗೆ ಬಂದ ವರ್ಷದ ಡಿಸೆಂಬರಿನಲ್ಲೇ ಸಮುದ್ರಕ್ಕೆ ಈಜಲು ಹೋಗಿ ಕಾಣೆಯಾದವರು. ಐವತ್ತು ಋತುಗಳ ಕಾಲ ಪ್ರತಿ ಫೆಬ್ರುವರಿಯಲ್ಲೂ ಕ್ರೊನುಲ್ಲಾ ಎಂದು ಬರೆದವರು ಇದ್ದರು, ಐವತ್ತನೆಯ ಸಲ ಅದು ನಿಜವಾಯಿತು.

ಆಟ ಹುಟ್ಟಿದ ಇಂಗ್ಲೆಂಡಿನಲ್ಲೂ ಕಥೆ ಭಿನ್ನವಲ್ಲ. ಹಲ್ ಕೆಆರ್ ತಂಡ 2020ರಲ್ಲಿ ಅಲ್ಲಿನ ಮುಖ್ಯ ಟೂರ್ನಿಯಾದ ಸೂಪರ್ ಲೀಗಿನ ತಳದಲ್ಲಿತ್ತು. ಟೊರಾಂಟೊ ತಂಡ ಹಿಂದೆ ಸರಿದದ್ದರಿಂದ ಆ ವರ್ಷ ಯಾರನ್ನೂ ಕೆಳಗಿನ ದರ್ಜೆಗೆ ಇಳಿಸಲಿಲ್ಲ, ಹಾಗಾಗಿ ಉಳಿಯಿತು. 2025ರಲ್ಲಿ ಅದೇ ತಂಡ ಚಾಲೆಂಜ್ ಕಪ್, ಲೀಗಿನ ಅಗ್ರಸ್ಥಾನ, ಗ್ರ್ಯಾಂಡ್ ಫೈನಲ್ ಮೂರನ್ನೂ ಗೆದ್ದಿತು. ಅದಕ್ಕೂ ಹಿಂದಿನ ದೊಡ್ಡ ಪ್ರಶಸ್ತಿ ಸಿಕ್ಕದ್ದು 1985ರಲ್ಲಿ.

ಇಷ್ಟೆಲ್ಲ ನೋಡಿದ ಮೇಲೆ ಒಂದರಿಂದ ಹದಿನೇಳರವರೆಗೆ ಸ್ಥಾನ ಬರೆಯುವ ಪದ್ಧತಿಯೇ ಆಟಕ್ಕೆ ಹೊಂದುವುದಿಲ್ಲ ಎನ್ನಬೇಕಾಗುತ್ತದೆ. ಆರನೆಯ ಮತ್ತು ಹತ್ತನೆಯ ತಂಡದ ನಡುವೆ ಒಬ್ಬ ಹಾಫ್‌ಬ್ಯಾಕ್‌ನ ಮಂಡಿಯಷ್ಟು ದೂರವಿರುವಾಗ ಅವರನ್ನು ಬೇರೆ ಬೇರೆ ಮೆಟ್ಟಿಲ ಮೇಲೆ ನಿಲ್ಲಿಸುವುದರಲ್ಲಿ ಅರ್ಥವಿಲ್ಲ. ಎಂಟರೊಳಗೆ ಖಚಿತ ಎನ್ನಬಹುದಾದ ನಾಲ್ಕೈದು ತಂಡ, ಮೇಲೇಳುವುದು ಕಷ್ಟ ಎನ್ನಬಹುದಾದ ಮೂರು ನಾಲ್ಕು ತಂಡ, ನಡುವೆ ಏನೂ ಆಗಬಹುದಾದ ಎಂಟೊಂಬತ್ತು: ಪ್ರಾಮಾಣಿಕ ಪಟ್ಟಿ ಇದಕ್ಕಿಂತ ಹೆಚ್ಚು ಹೇಳಲಾರದು. ಆ ನಡುವಿನ ಗುಂಪಿನಲ್ಲೇ ಮುಂದಿನ ವರ್ಷದ ಅಚ್ಚರಿ ಕುಳಿತಿರುತ್ತದೆ.

ಹೊಸದಾಗಿ ಸೇರುವ ತಂಡಕ್ಕಂತೂ ಹಿಂದಿನ ವರ್ಷದ ಪಟ್ಟಿಯೇ ಇರುವುದಿಲ್ಲ. ಬ್ರಿಸ್ಬೇನ್ ಬಳಿಯ ರೆಡ್‌ಕ್ಲಿಫ್‌ನ ಡಾಲ್ಫಿನ್ಸ್ 2023ರಲ್ಲಿ ಟೂರ್ನಿಗೆ ಬಂದಾಗ ದೊಡ್ಡ ಹೆಸರಿನ ಆಟಗಾರರು ಹೆಚ್ಚು ಸಿಕ್ಕಿರಲಿಲ್ಲ. ಕೊನೆಯ ಸ್ಥಾನ ಅವರದ್ದೇ ಎಂದು ಬಹಳ ಜನ ಬರೆದರು. ಕೋಚ್ ಮಾತ್ರ ಏಳು ಕಪ್ ಗೆದ್ದ ವೇಯ್ನ್ ಬೆನೆಟ್. ಮಾರ್ಚ್ 5ರಂದು ಸನ್‌ಕಾರ್ಪ್ ಮೈದಾನದಲ್ಲಿ ಆಡಿದ ಮೊದಲ ಪಂದ್ಯದಲ್ಲೇ ಆ ತಂಡ ಸಿಡ್ನಿ ರೂಸ್ಟರ್ಸನ್ನು 28-18ರಿಂದ ಸೋಲಿಸಿತು, ಮೊದಲ ಮೂರೂ ಪಂದ್ಯ ಗೆದ್ದಿತು, ಹದಿಮೂರನೆಯದಾಗಿ ಋತು ಮುಗಿಸಿತು. 2027ರಲ್ಲಿ ಪರ್ತ್ ಬೇರ್ಸ್, 2028ರಲ್ಲಿ ಪಪುವಾ ನ್ಯೂಗಿನಿಯ ತಂಡ ಸೇರಲಿವೆ. ಅವೆರಡನ್ನೂ ತಳದಲ್ಲಿ ಬರೆಯಲು ಹೊರಡುವವರು ಅದಕ್ಕೆ ಮುನ್ನ ಆ ಮಾರ್ಚ್ 5ರ ಪಂದ್ಯವನ್ನು ಒಮ್ಮೆ ಪೂರ್ತಿಯಾಗಿ ನೋಡಬೇಕು.